ಕೂತು ಹೋಗುವಷ್ಟು ದಾರಿ

ನನ್ನ ಬಾಯಿಯನ್ನು ನಂಬಿ ನಮ್ಮ ಮನೆಯಲ್ಲಿ ಯಾರೂ ಗುಟ್ಟು ಹೇಳುತ್ತಿರಲಿಲ್ಲ. ಹೊಟ್ಟೆಯಲ್ಲಿ ಮಾತು ನಿಲ್ಲದವಳು ಅಂತ ಚಿಕ್ಕಂದಿನಲ್ಲೇ ಹೆಸರಾಗಿದ್ದೆ. ವಕೀಲಳಾದ ಮೇಲೆ ಆ ಬಾಯಿಯೇ ಅನ್ನ ಹಾಕಿತು. ಎದುರು ವಕೀಲರ ಮಾತನ್ನು ಅರ್ಧಕ್ಕೇ ಕತ್ತರಿಸುವುದು, ಕಟಕಟೆಯಲ್ಲಿ ನಿಂತ ಸಾಕ್ಷಿಗೆ ಬೆವರಿಳಿಸುವುದು, ಇದರಲ್ಲೆಲ್ಲ ನನಗೆ ಖುಷಿಯಿತ್ತು, ಸುಳ್ಳೇಕೆ ಹೇಳಲಿ. ಅಂಥವಳು ಮಧ್ಯಸ್ಥಗಾರ್ತಿಯಾಗುತ್ತೇನೆ ಎಂದಾಗ ನಕ್ಕವರಲ್ಲಿ ನಮ್ಮ ಯಜಮಾನರೇ ಮೊದಲಿಗರು. "ಸುಮ್ನೆ ಕೂತು ಕೇಳಿಸ್ಕೊಳ್ಳೋ ಕೆಲ್ಸ ಅಂತೆ. ಅದಕ್ಕೆ ನೀನೇ ಸಿಕ್ಕಿದ್ಯಾ ಅವರಿಗೆ?" ಎಂದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಕೋರ್ಟಿಗೆ ಬಂದ ವ್ಯಾಜ್ಯವನ್ನು ವಿಚಾರಣೆಗೆ ಹಚ್ಚುವ ಮುಂಚೆ ಒಮ್ಮೆ ಮಾತುಕತೆಗೆ ಕಳಿಸಿ ನೋಡುವ ಪದ್ಧತಿ ಆಗಷ್ಟೇ ಮೈಸೂರಿಗೆ ಬಂದಿತ್ತು. ನಮ್ಮಂಥ ಕೆಲವರನ್ನು ಕರೆದು ತರಬೇತಿ ಕೊಟ್ಟರು. ತೀರ್ಪು ಹೇಳಬೇಡಿ, ಬುದ್ಧಿ ಹೇಳಬೇಡಿ, ಕೇಳಿ ಎಂದರು. ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸಿ, ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಮಾತಾಡಿಸಿ ಎಂದರು. ಹಾಗೆ ಬೇರೆ ಕೂತಾಗ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಂದು ಕಡೆಯವರಿಗೆ ಹೇಳುವಂತಿಲ್ಲ, ಜಡ್ಜಿಗೂ ಹೇಳುವಂತಿಲ್ಲ. ನನಗೆ ಉಳಿದದ್ದೆಲ್ಲ ಸುಲಭ ಅನ್ನಿಸಿತು, ಇದೊಂದು ಬಿಟ್ಟು.

ವಕೀಲರ ಸಂಘದ ಕಾಫಿ ಮೇಜಿನ ಸುತ್ತ ನಮ್ಮನ್ನು ಗೇಲಿ ಮಾಡದ ದಿನವಿಲ್ಲ. "ಅರಳಿಕಟ್ಟೆ ಎಲ್ಲಿ ಕಟ್ಟಿಸ್ತೀರಿ ಮೇಡಂ? ಹುಕ್ಕಾ ತರಿಸ್ಲಾ?" ಎಂದು ಒಬ್ಬರು. "ಕಕ್ಷಿದಾರರನ್ನ ರಾಜಿ ಮಾಡ್ಸಿ ಮನೆಗೆ ಕಳಿಸ್ಬುಟ್ರೆ ನಾವೇನು ಕಡ್ಲೆಪುರಿ ಮಾರ್ಬೇಕೇನ್ರೀ?" ಎಂದು ಇನ್ನೊಬ್ಬರು. ಮಾರಿ, ಅದಕ್ಕಾದರೂ ಲಾಯಕ್ಕಾಗಿದ್ದೀರೋ ನೋಡೋಣ ಅಂತ ನಾನೂ ತಿರುಗಿಸಿ ಕೊಡುತ್ತಿದ್ದೆ. ಒಳಗೆ ಮಾತ್ರ ನನಗೂ ಅನುಮಾನವೇ ಇತ್ತು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಟ್ಟಲೆ ಕೋರ್ಟು ಅಲೆಯುವುದನ್ನು ಕಂಡವಳು ನಾನು. ದುಂಡು ಮೇಜಿನ ಸುತ್ತ ಕೂರಿಸಿ ನೀರು ಕೊಟ್ಟರೆ ಅವರು ಕರಗುತ್ತಾರೆ ಅಂತ ನಂಬುವುದು ಹೇಗೆ?

ನಮಗೆ ಕೊಟ್ಟದ್ದು ಮಹಡಿಯ ಮೇಲೊಂದು ಕೋಣೆ. ಹಿಂದೆ ಹಳೆಯ ಕಡತ ತುಂಬಿಡುತ್ತಿದ್ದರಂತೆ, ಗೋಡೆಗೆ ಸುಣ್ಣ ಹೊಡೆದಿದ್ದರೂ ಗೆದ್ದಲಿನ ವಾಸನೆ ಹೋಗಿರಲಿಲ್ಲ. ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಒಳಗೆ ಬಂದವರಿಗೆ ಎಲ್ಲಿ ನಿಂತು ಕೈಮುಗಿಯಬೇಕು ಎಂದೇ ತಿಳಿಯುತ್ತಿರಲಿಲ್ಲ. ಕೂತುಕೊಳ್ಳಿ ಎಂದರೆ ಗಾಬರಿಯಾಗುತ್ತಿದ್ದರು.

ಆ ಕೋಣೆಗೆ ಒಂದು ದಿನ ಆ ಅಜ್ಜಿ ಬಂದರು. ಮೆಟ್ಟಿಲು ಹತ್ತಿದ ಏದುಸಿರಿಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ. ಎಂಬತ್ತರ ಆಸುಪಾಸಿನವರು, ಹಣೆಯಲ್ಲಿ ಮೂರು ಬೆರಳಗಲದ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಹೃದಯ ದುರ್ಬಲವಾಗಿದೆ, ಡಾಕ್ಟರು ಮಹಡಿ ಹತ್ತಲೇಬೇಡಿ ಎಂದಿದ್ದಾರೆ, ಆದರೂ ನಾನೇ ಬರುತ್ತೇನೆ ಎಂದು ಹಟ ಹಿಡಿದರು ಅಂತ ಜೊತೆಗೆ ಬಂದ ಮಗ ಹೇಳಿದರು. ಮಗ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ದಾವೆ ಹೂಡಿದ್ದು ಅಜ್ಜಿ. ದಾವೆ ಹೂಡಿದ್ದು ಅವರ ಮುಂದಿನ ಮನೆಯವರ ಮೇಲೆ. ಆ ಮನೆಯ ಯಜಮಾನರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅಜ್ಜಿಯವರು ಮಠಕ್ಕೆ ನಡೆದುಕೊಳ್ಳುವ ವೀರಶೈವರು, ಫಿಟ್ಟರ್ ಮನೆಯವರು ಮೂರು ತಲೆಮಾರಿನಿಂದ ಮೈಸೂರಿನ ಚರ್ಚಿಗೆ ಹೋಗುವ ಕ್ರೈಸ್ತರು. ಹಬ್ಬಕ್ಕೆ ಈ ಮನೆಯ ಒಬ್ಬಟ್ಟು ಆ ಮನೆಗೆ, ಆ ಮನೆಯ ಕೇಕು ಈ ಮನೆಗೆ ಹೋಗಿಬಂದು ಮಾಡುತ್ತಿದ್ದ ಕಾಲವೂ ಇತ್ತು.

ಜಗಳ ಒಂದು ಸಂದಿಯದು. ದೇವರಾಜ ಮೊಹಲ್ಲಾದ ಬೀದಿಗೆ ಮುಖ ಮಾಡಿ ಫಿಟ್ಟರ್ ಮನೆ, ಅದರ ಬೆನ್ನಿಗೆ ಅಜ್ಜಿಯ ಮನೆ. ಅಜ್ಜಿಯ ಮನೆಯಿಂದ ಬೀದಿಗೆ ಬರಲು ಫಿಟ್ಟರ್ ಮನೆಯ ಪಕ್ಕದ ಉದ್ದನೆಯ ಸಂದಿಯೊಂದೇ ದಾರಿ. ಫಿಟ್ಟರ್ ತಮ್ಮ ಮಗಳು ಅಳಿಯನಿಗೆಂದು ಮೇಲೆ ಎರಡು ಕೋಣೆ ಕಟ್ಟಿಸಿದರು. ಹತ್ತಲು ಹೊರಗಿನಿಂದ ಮೆಟ್ಟಿಲು ಮಾಡಿಸಿದರು. ಮೆಟ್ಟಿಲು ತಿರುಗುವ ಕಡೆ ಹಾಕಿದ ಸ್ಲ್ಯಾಬು ಸಂದಿಯ ಮೇಲೆ ಅಡ್ಡ ಬಂತು, ಅದನ್ನು ಹೊತ್ತ ಕಂಬ ಸಂದಿಯೊಳಗೆ ಬಂತು. ಅಜ್ಜಿ ತೆಗೆಸಬೇಕೆಂದರು, ಫಿಟ್ಟರ್ ಆಗದು ಎಂದರು. ಅಜ್ಜಿಯ ವಕೀಲರು ದಾವೆಯಲ್ಲಿ ಗಾಳಿ ಬೆಳಕಿನ ಹಕ್ಕು ಎಂದು ಬರೆದರು.

ಮೊದಲ ದಿನ ಫಿಟ್ಟರ್ ನೇರವಾಗಿಯೇ ಕೇಳಿದರು. "ಗಾಳಿ ಬೆಳಕು ಅಂತಾರಲ್ಲ ಮೇಡಂ, ಆ ಕಡೆಗೆ ಅವರಿಗೆ ಒಂದು ಕಿಟಕೀನೇ ಇಲ್ಲ. ಯಾವ ಬೆಳಕು ನಾನು ತಡೆದಿದ್ದು? ಹೋಗೋಕೆ ಬರೋಕೆ ತೊಂದ್ರೆ ಇದ್ರೆ ಹೇಳ್ಲಿ. ಬೀರು ಹೋಗುತ್ತೆ, ಮಂಚ ಹೋಗುತ್ತೆ. ಮತ್ತೇನಾಗ್ಬೇಕು ಇವ್ರಿಗೆ?"

"ನಮ್ಮ ಹಕ್ಕು ನಮಗೆ ಬೇಕು ಅಷ್ಟೇ," ಎಂದು ಮಗ ವಕೀಲರ ಮುಖ ನೋಡಿಕೊಂಡು ಹೇಳಿದರು.

"ನೀವು ಹೇಳಿ ಅಮ್ಮ," ಎಂದು ನಾನು ಅಜ್ಜಿಯನ್ನು ಕೇಳಿದೆ.

"ಮ್ಯಾಲೆ ತೆರ್ಕೊಂಡಿರ್ಬೇಕು," ಎಂದರು ಅಜ್ಜಿ. ಅಷ್ಟೇ. ಏಕೆ ಎಂದು ಎಷ್ಟು ಸುತ್ತಿ ಬಳಸಿ ಕೇಳಿದರೂ ಆ ಮಾತೊಂದನ್ನು ಬಿಟ್ಟು ಇನ್ನೊಂದು ಬರಲಿಲ್ಲ. ಫಿಟ್ಟರ್ ನಿಟ್ಟುಸಿರು ಬಿಟ್ಟು ಸೂರಿನ ಕಡೆ ನೋಡಿದರು. ಹೊಟ್ಟೆಕಿಚ್ಚು, ಮೇಲೆ ಮನೆ ಕಟ್ಟಿಸಿದ್ದನ್ನು ಸಹಿಸಲಾರರು ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ, ಮುಖ ಹೇಳಿತು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು. ಮುದುಕಿಗೆ ಹಟ ಅಂದುಕೊಂಡೆ.

ಆಮೇಲೆ ಅಜ್ಜಿ ಮತ್ತು ಮಗನನ್ನು ಬೇರೆ ಕೂರಿಸಿಕೊಂಡೆ. ಕೂತ ಸ್ವಲ್ಪ ಹೊತ್ತಿಗೆ ಅಜ್ಜಿ ಮಗನಿಗೆ, "ನನ್ನ ಮಾತ್ರೆ ಸ್ಕೂಟರಲ್ಲಿ ಉಳ್ಕೋತು, ತಂದ್ಬುಡಪ್ಪ," ಎಂದರು. ಮಗ ಇಳಿದು ಹೋದರು. ಅಜ್ಜಿ ಬಾಗಿಲ ಕಡೆ ನೋಡಿ ಖಾತ್ರಿ ಮಾಡಿಕೊಂಡು ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

"ನಾನು ಕೂತ್ಕೊಂಡು ಹೋಗ್ಬೇಕು ಕಣಮ್ಮ," ಎಂದರು.

ನನಗೆ ಅರ್ಥವಾಗಲಿಲ್ಲ. ಎಲ್ಲಿಗೆ ಎಂದೆ. ಅವರು ನನ್ನನ್ನು ಸ್ವಲ್ಪ ಕನಿಕರದಿಂದಲೇ ನೋಡಿದರು.

ಅವರಲ್ಲಿ ಸತ್ತವರನ್ನು ಮಲಗಿಸಿಕೊಂಡು ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಕೈಯಲ್ಲಿ ಲಿಂಗ ಇಟ್ಟು, ಪೂಜೆಗೆ ಕೂತವರ ಹಾಗೆ ಕೂರಿಸುತ್ತಾರೆ. ಬಿದಿರಿನಲ್ಲಿ ಮಂಟಪದಂತೆ ಕಟ್ಟಿ, ಹೂವು ಬಾಳೆಕಂದು ಸಿಂಗರಿಸಿ, ಅದರಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ಒಯ್ಯುತ್ತಾರೆ. ವಿಮಾನ ಎನ್ನುತ್ತಾರೆ ಅದನ್ನು. ಬೀದಿಯಲ್ಲಿ ಎಷ್ಟೋ ಸಲ ಕಂಡಿದ್ದೆ, ಕಂಡು ಪಕ್ಕಕ್ಕೆ ನಿಂತು ಕೈಮುಗಿದಿದ್ದೆ. ಅದು ಎಷ್ಟು ಎತ್ತರ ಎಂದು ಎಂದೂ ಯೋಚಿಸಿರಲಿಲ್ಲ.

"ನಮ್ಮೆಜಮಾನ್ರು ಆ ಮನೆ ಹೊಸ್ಲಿಂದ ಕೂತ್ಕೊಂಡೇ ಹೋದ್ರು. ವಾಲಗ ಊದ್ಸಿಕೊಂಡು ದೊರೆ ಹಂಗೆ ಹೋದ್ರು. ಇವಾಗ ಆ ಸ್ಲ್ಯಾಬು ಕೆಳಗೆ ವಿಮಾನ ತೂರಲ್ಲ. ಮಲಗ್ಸಿ ಎತ್ಕೊಂಡು ಬೀದಿಗೆ ತಂದು ಅಲ್ಲಿ ಕೂರಿಸ್ತಾರೆ. ಬೋಗಾದೀಲಿ ಬಾಡಿಗೆ ಮನೇಲಿ ನಮ್ಮ ಓರಗಿತ್ತಿ ಹೋದಾಗ ಹಿಂಗೇ ಮಾಡಿದ್ರು. ಮಹಡಿಯಿಂದ ಜಮಖಾನದಲ್ಲಿ ಇಳಿಸಿದ್ರು. ಸೆರಗೆಲ್ಲೋ ತಲೆ ಎಲ್ಲೋ. ಬೀದಿ ಜನ ನಿಂತ್ಕೊಂಡು ನೋಡ್ತಿದ್ರು. ನಂಗೆ ಅದು ಬ್ಯಾಡ."

ಇಷ್ಟನ್ನು ಹೇಳುವಷ್ಟರಲ್ಲಿ ಅವರಿಗೆ ಉಸಿರು ಸಾಲಲಿಲ್ಲ. ನಾನು ನೀರು ಕೊಟ್ಟೆ. ನನ್ನ ಮೊದಲ ಅನ್ನಿಸಿಕೆ ನೆನೆದು ಮೈ ಹಿಡಿಯಾಯಿತು.

"ಇದನ್ನ ಅವರಿಗೆ ಹೇಳೋಣ ಅಮ್ಮ. ಒಂದು ಮಾತು ಹೇಳಿದ್ರೆ ಅವರು ಒಪ್ಪಬಹುದು," ಎಂದೆ.

"ಬ್ಯಾಡ."

"ನಿಮ್ಮ ಮಗನಿಗಾದ್ರೂ?"

"ಅವನಿಗೆ ಮೊದ್ಲೇ ಬ್ಯಾಡ. ನಾನು ಸಾಯೋ ಮಾತು ಎತ್ತಿದ್ರೆ ಊಟ ಬಿಟ್ಟು ಎದ್ದೋಗ್ತಾನೆ. ಅವರಪ್ಪ ಹೋದಾಗ ಆರು ತಿಂಗ್ಳು ಸರಿಯಾಗಿ ಮಾತಾಡ್ನಿಲ್ಲ ಅವನು. ಇನ್ನು ಆ ಮನೆಯೋರ ಹತ್ರ ನನ್ನ ಹೆಣಕ್ಕೆ ದಾರಿ ಬುಡಿ ಅಂತ ನಾನು ಸೆರಗೊಡ್ಡಲಾ? ನಿಂಗೆ ಹೇಳಿದೀನಿ, ನಿನ್ನ ಹೊಟ್ಟೇಲೇ ಇರ್ಲಿ."

ನನ್ನ ಹೊಟ್ಟೆಯಲ್ಲಿ. ಊರೆಲ್ಲ ಬಿಟ್ಟು ನನ್ನ ಹೊಟ್ಟೆಯಲ್ಲಿ. ಅಷ್ಟರಲ್ಲಿ ಮಗ ಬಂದು, ಸ್ಕೂಟರಿನಲ್ಲಿ ಮಾತ್ರೆಯಿಲ್ಲ ಎಂದರು. ಮಾತ್ರೆ ಅಜ್ಜಿಯ ಚೀಲದಲ್ಲೇ ಇತ್ತು.

ಆ ವಾರಗಳಲ್ಲಿ ನಾನು ಪಟ್ಟ ಪಾಡನ್ನು ಹೇಳಿದರೆ ನಗುತ್ತೀರಿ. ವಾದ ಮಾಡಿ ಸೋತಾಗಲೂ ನನಗೆ ನಿದ್ದೆ ಬರುತ್ತಿತ್ತು. ಈಗ ಒಂದು ವಾಕ್ಯ ಹೇಳಿದರೆ ಮುಗಿಯುವ ಜಗಳಕ್ಕೆ ಆ ವಾಕ್ಯ ನನ್ನ ನಾಲಿಗೆಯ ಮೇಲೇ ಇದ್ದು, ಹೇಳುವಂತಿರಲಿಲ್ಲ. ಫಿಟ್ಟರ್ ಕೆಟ್ಟವರಲ್ಲ, ಅದು ಕಂಡಿತ್ತು. ಹೇಳಿದ್ದರೆ ಒಪ್ಪುತ್ತಿದ್ದರೇನೋ. ಒಪ್ಪದಿದ್ದರೆ? ಅಜ್ಜಿಯ ಮಾನವೂ ಹೋಯಿತು, ದಾರಿಯೂ ಹೋಯಿತು. ಆಮೇಲೆ ಆ ಕೋಣೆಯಲ್ಲಿ ಬಾಯಿಬಿಟ್ಟು ಮಾತಾಡಿ ಅಂತ ಇನ್ನೊಬ್ಬರಿಗೆ ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ? ಲಕ್ಷ್ಮೀಪುರದ ನಮ್ಮ ಮನೆಯಲ್ಲಿ ನಾನು ಅಡುಗೆ ಮಾಡುತ್ತಾ ಸುಮ್ಮನಿರುವುದನ್ನು ಕಂಡು ಯಜಮಾನರು ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದರು. ಅವರಿಗೂ ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ಅವರ ಮೇಲೇ ಸಿಡುಕಿದೆ.

ಒಂದು ಸಂಜೆ ಮಾರ್ಕೆಟ್ಟಿಗೆ ಹೂವಿಗೆ ಹೋದವಳು ಆ ಬೀದಿಯಲ್ಲಿ ನಡೆದು ಬಂದೆ. ಸಂದಿಯ ಬಾಯಲ್ಲಿ ನಿಂತು ಮೇಲೆ ನೋಡಿದೆ. ತಲೆಯ ಮೇಲೆ ಬುಟ್ಟಿ ಹೊತ್ತವರು ಆರಾಮಾಗಿ ಹೋಗಬಹುದು. ಹೆಗಲ ಮೇಲೆ ಕೂತವರು ಹೋಗಲಾಗದು. ಸ್ಲ್ಯಾಬಿನ ಮೇಲೆ ಫಿಟ್ಟರ್ ಮಗಳು ಬಟ್ಟೆ ಒಣಹಾಕುತ್ತಿದ್ದಳು.

ಎರಡನೆಯ ಸಲ ಕೂತಾಗ ಅಜ್ಜಿ ಇನ್ನಷ್ಟು ಸೊರಗಿದ್ದರು. ಮಗ ಅವರನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಮಹಡಿ ಹತ್ತಿಸಿದ್ದರು. ಕೆಳಗೇ ಕೂರೋಣ, ನಾನೇ ಇಳಿದು ಬರುತ್ತೇನೆ ಎಂದರೆ ಅಜ್ಜಿ ಒಪ್ಪಲಿಲ್ಲ, ಕೆಳಗೆ ಜನ ಇರ್ತಾರೆ ಎಂದರು. ಮಗನನ್ನು ಹೊರಗೆ ಕಳಿಸಿ ಬೇರೆ ಕೂತು, ಹೇಳಲು ಒಪ್ಪಿಗೆ ಕೊಡಿ ಅಂತ ಮತ್ತೆ ಕೇಳಿದೆ. ತಲೆ ಅಲ್ಲಾಡಿಸಿದರು. ಮಾತುಕತೆಗೆ ಕೋರ್ಟು ಕೊಟ್ಟ ಗಡುವು ಮುಗಿಯುತ್ತಾ ಬಂದಿತ್ತು. ಮುಗಿದರೆ ನಾನು ಮಧ್ಯಸ್ಥಿಕೆ ವಿಫಲ ಎಂದು ಒಂದು ಸಾಲು ಬರೆದು ಕಳಿಸಬೇಕು. ಕೇಸು ಮತ್ತೆ ಸಾಲಿನಲ್ಲಿ ನಿಲ್ಲುತ್ತದೆ. ಸಾಕ್ಷಿ, ಕೋರ್ಟ್ ಕಮಿಷನರ್, ಅಳತೆ, ಮೇಲ್ಮನವಿ. ಆ ಸಾಲು ಎಷ್ಟು ಉದ್ದ ಅಂತ ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅಜ್ಜಿಗೆ ಅಷ್ಟು ಕಾಲವಿರಲಿಲ್ಲ.

ಕೊನೆಯ ಸಲ ಕೂತ ದಿನ ಫಿಟ್ಟರ್ ತಾವಾಗಿಯೇ ಒಂದು ಹೆಜ್ಜೆ ಮುಂದೆ ಬಂದರು. ಕೇಸಿನಿಂದ ಅವರಿಗೂ ಸಾಕಾಗಿತ್ತು. ಸಂದಿಯೊಳಗಿನ ಕಂಬವನ್ನು ತೆಗೆಯುತ್ತೇನೆ, ಸ್ಲ್ಯಾಬನ್ನು ಗೋಡೆಯಿಂದಲೇ ಕಬ್ಬಿಣ ಕೊಟ್ಟು ಎತ್ತಿಹಿಡಿಯುತ್ತೇನೆ, ಸಂದಿ ಮೊದಲಿನಷ್ಟೇ ಅಗಲವಾಗುತ್ತದೆ ಎಂದರು. ಅವರ ಕಡೆಯ ಹುಡುಗ ವಕೀಲನಿಗೆ ಇದು ಮೊದಲೇ ಗೊತ್ತಿರಲಿಲ್ಲ, ಫಿಟ್ಟರ್ ತೋಳು ಜಗ್ಗಿದ. ಫಿಟ್ಟರ್ ಬಿಡಿಸಿಕೊಂಡರು. ಮಗನ ಮುಖ ಅರಳಿತು. ಅಜ್ಜಿಯ ವಕೀಲರು ಆಗಲೇ ಪೆನ್ನು ತೆರೆದರು.

"ಬ್ಯಾಡ," ಎಂದರು ಅಜ್ಜಿ.

"ಅಮ್ಮ, ಅವರೇ ಬಿಟ್ಕೊಡ್ತಾ ಇದಾರೆ," ಎಂದರು ಮಗ. "ಇನ್ನೇನು ಬೇಕು ನಿಂಗೆ? ನಾನು ಎಷ್ಟು ದಿನ ರಜಾ ಹಾಕ್ಲಿ? ಜನ ಏನಂತಾರೆ ಗೊತ್ತಾ?"

"ಮ್ಯಾಲೆ ತೆರ್ಕೊಂಡಿರ್ಬೇಕು."

ಮಗ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡರು. ಅಜ್ಜಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಹೇಳಿಬಿಡುತ್ತಿದ್ದೆನೋ ಏನೋ. ಮೇಜಿನ ಕೆಳಗೆ ಸೀರೆಯ ನೆರಿಗೆಯನ್ನು ಹಿಂಡಿ ಹಿಡಿದುಕೊಂಡು ಕೂತಿದ್ದೆ.

ಆಗ ಫಿಟ್ಟರ್, ಪಾಪ, ಒಳ್ಳೆಯ ಮನಸ್ಸಿನಿಂದಲೇ ಆ ಮಾತು ಆಡಿದರು. ಅಜ್ಜಿಯ ಮನಸ್ಸಿನಲ್ಲಿ ಏನೋ ಇದೆ ಎಂದು ಅವರಿಗೂ ಹೊಳೆದಿರಬೇಕು. ಕೈಮುಗಿದು, ತಗ್ಗಿದ ದನಿಯಲ್ಲಿ, "ಅಮ್ಮ, ತಪ್ಪು ತಿಳ್ಕೋಬೇಡಿ. ನೀವು ನೂರು ವರ್ಷ ಬಾಳ್ಬೇಕು. ಆದ್ರೂ ನಾಳೆ ದಿನ ಅಂತ ಒಂದಿದ್ದೇ ಇರುತ್ತಲ್ಲ, ಆವತ್ತಿಗೂ ತೊಂದ್ರೆ ಆಗಬಾರ್ದು ಅಂತ ಯೋಚ್ನೆ ಮಾಡಿದೀನಿ. ಆಚೆ ಈಚೆ ಹೊರೋರು ನಿಂತ್ರೂ ಆರಾಮಾಗಿ ಹೋಗ್ಬಹುದು. ನಾನೇ ಅಳತೆ ಮಾಡಿ ನೋಡಿದೀನಿ," ಎಂದರು.

ಮಗ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಅಳತೆ ಮಾಡಿದೀಯಾ? ನಮ್ಮಮ್ಮ ಇಲ್ಲಿ ಕಣ್ಣೆದುರಿಗೆ ಕೂತಿರುವಾಗ ಅವರ ಹೆಣಕ್ಕೆ ಅಳತೆ ತೆಗೆದಿದೀಯಾ ನೀನು?"

ಬಹುವಚನ ಹೋಗಿತ್ತು. ಅದುವರೆಗೂ ಎಷ್ಟೇ ಜಗಳವಾಡಿದರೂ ಒಬ್ಬರಿಗೊಬ್ಬರು ರೀ ಹಚ್ಚದೆ ಮಾತಾಡಿರಲಿಲ್ಲ. ಫಿಟ್ಟರ್ ಮುಖ ಕಪ್ಪಿಟ್ಟಿತು. ನಾನು ಹಂಗಲ್ಲಪ್ಪ ಹೇಳಿದ್ದು ಎಂದು ತೊದಲಿದರು. ಅವರ ವಕೀಲ ಎದ್ದು, "ನನ್ನ ಕಕ್ಷಿದಾರರಿಗೆ ಅವಮಾನ ಆಗ್ತಿದೆ, ನಾವು ಹೊರಡ್ತೀವಿ," ಎಂದು ಕಡತ ಕಟ್ಟಿದ. ಅಜ್ಜಿಯ ವಕೀಲರೂ ಪೆನ್ನು ಮುಚ್ಚಿದರು. ಮಗ ತಾಯಿಯ ತೋಳಿಗೆ ಕೈಹಾಕಿ, "ಏಳಮ್ಮ, ಇವರ ಜೊತೆ ಮಾತು ಬೇಡ. ಕೋರ್ಟಲ್ಲೇ ನೋಡ್ಕೊಳ್ಳೋಣ," ಎಂದರು.

ಎಲ್ಲರೂ ನಿಂತಿದ್ದರು. ಕೂತಿದ್ದವರು ಅಜ್ಜಿ ಮತ್ತು ನಾನು. ನನಗೆ ತಡೆಯಲಾರದ ಸಿಟ್ಟು ಬಂತು, ಯಾರ ಮೇಲೆ ಎಂದೂ ತಿಳಿಯಲಿಲ್ಲ. ಕೋರ್ಟಿನಲ್ಲಿ ಬಳಸುವ ದನಿಯಲ್ಲೇ ಎಲ್ಲರೂ ಕೂತುಕೊಳ್ಳಿ ಎಂದೆ. ಮಧ್ಯಸ್ಥಗಾರರು ಹಾಗೆ ಗದರಬಾರದು. ಕೂತರು. ಒಂದು ಪ್ರಶ್ನೆ ಕೇಳುವುದಕ್ಕೆ ನನಗೆ ಯಾವ ಅಡ್ಡಿಯೂ ಇರಲಿಲ್ಲ, ಅಳತೆಯ ಮಾತು ಎತ್ತಿದವರು ಫಿಟ್ಟರೇ. ಅವರ ಕಡೆ ತಿರುಗಿ, "ಯಾವುದರಿಂದ ಅಳತೆ ಮಾಡಿದ್ರಿ?" ಎಂದು ಕೇಳಿದೆ.

 ಅವರು ಮೇಜು ನೋಡಿಕೊಂಡು ಹೇಳಿದರು. "ನಮ್ಮ ತಂದೆ ತೀರ್ಕೊಂಡಾಗ ಪೆಟ್ಟಿಗೆ ನಾನೇ ಮಾಡಿಸ್ದೆ ಮೇಡಂ. ಅದರ ಅಗಲ ನಂಗೆ ಮರೆಯಲ್ಲ. ಆ ಪೆಟ್ಟಿಗೆ, ಆ ಕಡೆ ಈ ಕಡೆ ಹೊರೋರು. ಅಷ್ಟು ಬಿಟ್ಟಿದೀನಿ. ನಮ್ಮಪ್ಪನಿಗೆ ಏನು ಮಾಡಿದ್ನೋ ಅದನ್ನೇ ಇವ್ರಿಗೂ ಅಂತ ಯೋಚ್ನೆ ಮಾಡ್ದೆ. ಕೆಟ್ಟದ್ದು ಬಯಸಿದ್ರೆ ದೇವರು ನನ್ನ ಕಣ್ಣು ಕೀಳ್ಲಿ."

 ಕೆಳಗೆ ಕೋರ್ಟಿನ ಅಮೀನ ಯಾರದೋ ಹೆಸರು ಕೂಗುವುದು ಕೇಳಿಸುತ್ತಿತ್ತು. ಅಜ್ಜಿ ಮೊದಲ ಸಲ ಫಿಟ್ಟರ್ ಮುಖವನ್ನು ನೇರವಾಗಿ ನೋಡಿದರು.

"ಮಲಗ್ಸಿಕೊಂಡು?" ಎಂದರು.

"ಹೂಂ ಅಮ್ಮ. ಮತ್ತೆ ಹೆಂಗೆ?"

"ನಾವು ಕೂತ್ಕೊಂಡು ಹೋಗ್ತೀವಿ ಕಣಪ್ಪ," ಎಂದರು ಅಜ್ಜಿ. "ನಮ್ಮೆಜಮಾನ್ರು ಹೋದಾಗ ನೀನೂ ಬೀದೀಲಿ ನಿಂತಿದ್ದಲ್ಲ. ನೋಡ್ನಿಲ್ವಾ? ಅಗಲ ಇಟ್ಕೊಂಡು ನಾನೇನು ಮಾಡ್ಲಿ. ನಂಗೆ ಎತ್ತರ ಬೇಕು."

 ನೋಡಿದ್ದರು ಫಿಟ್ಟರ್, ಖಂಡಿತ ನೋಡಿದ್ದರು, ಹಾರ ತಂದು ಹಾಕಿದ್ದರಂತೆ ಕೂಡ. ಆದರೂ ತಾವು ಕಟ್ಟುವಾಗ ನೆನಪಾದದ್ದು ತಮ್ಮಪ್ಪನ ಪೆಟ್ಟಿಗೆ. ನನಗೂ ಅಷ್ಟೇ, ನಮ್ಮಲ್ಲೂ ಮಲಗಿಸಿಯೇ ಒಯ್ಯುವುದು. ಅವರವರ ಮನೆಯ ಸಾವೇ ಅವರವರ ತಲೆಯಲ್ಲಿರುತ್ತದೆ. ನಾನು ಮಗನ ಕಡೆ ನೋಡಿದೆ. ಅವರಿಗೆ ಇದು ಹೊಸ ವಿಷಯವಲ್ಲ. ಅವರು ಅಳುತ್ತಿದ್ದರು. "ನಾನು ಎತ್ಕೊಂಡು ಬರ್ತಿದ್ದೆ ಕಣಮ್ಮ," ಎಂದರು. "ನಿನ್ನನ್ನ ಬೇರೆಯೋರ ಕೈಗೆ ಕೊಡ್ತಿರ್ಲಿಲ್ಲ. ಮಗು ಎತ್ಕೊಂಡಂಗೆ ನಾನೇ ಎತ್ಕೊಂಡು ಬೀದಿಗಂಟ ಬರ್ತಿದ್ದೆ." ಆ ಮನುಷ್ಯ ಕೂಡ ಎಂದೋ ಲೆಕ್ಕ ಹಾಕಿ ಇಟ್ಟುಕೊಂಡಿದ್ದರು. ತಾಯಿಗೆ ಹೇಳಿರಲಿಲ್ಲ.

"ನಂಗೆ ಗೊತ್ತು," ಎಂದರು ಅಜ್ಜಿ. "ಅದಕ್ಕೇ ಕೇಸು ಹಾಕಿದ್ದು."

ಸ್ಲ್ಯಾಬನ್ನು ಒಡೆದರೆ ಮೇಲಿನ ಮನೆಗೆ ದಾರಿಯಿಲ್ಲ. ಒಡೆಯದಿದ್ದರೆ ಅಜ್ಜಿಗೆ ದಾರಿಯಿಲ್ಲ.  ಫಿಟ್ಟರೇ ಹಾಳೆ ಕೇಳಿ ಗೀಟು ಹಾಕಿ ತೋರಿಸಿದರು. ಸಿಮೆಂಟಿನ ಸ್ಲ್ಯಾಬು, ಕಂಬ ತೆಗೆದು ಕಬ್ಬಿಣದ ಹಲಗೆ ಹಾಕುವುದು, ನಟ್ಟು ಬೋಲ್ಟಿನಲ್ಲಿ ಕೂರಿಸುವುದು, ಬೇಕಾದ ದಿನ ಬಿಚ್ಚಿಡುವುದು. ನಾನೇ ಮಾಡುತ್ತೇನೆ ಎಂದರು. ಅಜ್ಜಿ ಆ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದರು.

ಬರೆಯಲು ಕೂತಾಗ ಮತ್ತೆ ಸಿಕ್ಕಿಹಾಕಿಕೊಂಡೆವು. ಬೇಕಾದ ದಿನ ಎಂದರೆ ಯಾವ ದಿನ? ಕಣ್ಣೆದುರು ಕೂತವರ ಸಾವನ್ನು ಕಾಗದದಲ್ಲಿ ಬರೆಯಲು ಯಾವ ವಕೀಲರ ಕೈಯೂ ಏಳಲಿಲ್ಲ. ಅಜ್ಜಿಯ ವಕೀಲರು "ಅನಿವಾರ್ಯ ಸಂದರ್ಭದಲ್ಲಿ" ಎಂದರು. ಹುಡುಗ ವಕೀಲ ಒಪ್ಪಲಿಲ್ಲ. ನಾಳೆ ಮದುವೆಗೂ ಬಿಚ್ಚು ಎನ್ನುತ್ತಾರೆ, ಸ್ಪಷ್ಟವಾಗಿ ಬರೆಯಬೇಕು ಎಂದ. "ಶುಭಾಶುಭ ಸಂದರ್ಭ" ಎಂದರು ಅಜ್ಜಿಯ ವಕೀಲರು. ಅದೂ ಆಗಲಿಲ್ಲ. ವಾದ ಮತ್ತೆ ಕಾವೇರುತ್ತಿತ್ತು.

"ನಾನು ಸತ್ತ ದಿನ ಅಂತ ಬರೀರಿ," ಎಂದರು ಅಜ್ಜಿ. "ಸಾಯೋಳು ನಾನು. ನಿಮಗ್ಯಾಕೆ ನಾಚ್ಕೆ."

ಹಾಗೇ ಬರೆದೆವು. ಅಜ್ಜಿ ಮೊದಲು ರುಜು ಹಾಕಿದರು, ಅಕ್ಷರ ಅಕ್ಷರವಾಗಿ, ಗುಂಡಗೆ. ಫಿಟ್ಟರ್ ಹಾಕಿದರು. ಮಗ ಪೆನ್ನು ಹಿಡಿದು, ಓದಿ, ಕೆಳಗಿಟ್ಟು, ಹೊರಗಿನ ಪಡಸಾಲೆಗೆ ಹೋಗಿ ನಿಂತರು. ಇಷ್ಟೆಲ್ಲ ಆಗಿ ಇಲ್ಲೇ ಮುರಿಯುತ್ತದೆ ಎಂದುಕೊಂಡೆ. ಅಜ್ಜಿ ಕರೆಯಲಿಲ್ಲ, ನಾನೂ ಕರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಮಗ ಬಂದು, ನಿಂತುಕೊಂಡೇ ರುಜು ಹಾಕಿದರು.

ರಾಜಿಪತ್ರ ಆದ ಮಾತ್ರಕ್ಕೆ ಆಗಲಿಲ್ಲ, ಜಡ್ಜಿ ಅದನ್ನು ಒಪ್ಪಿ ಆದೇಶ ಮಾಡಬೇಕು. ಅಷ್ಟರಲ್ಲಿ ದಸರಾ ರಜೆ ಬಂತು. ಆದೇಶವಾಗುವವರೆಗೂ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ ಎಂದು ಹುಡುಗ ವಕೀಲ ಫಿಟ್ಟರ್‌ಗೆ ಹೇಳಿದ್ದ. ವಕೀಲನಾಗಿ ಅವನು ಹೇಳಿದ್ದು ಸರಿಯೇ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ರಜೆ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಮನೆಯ ಫೋನು ಹೊಡೆದುಕೊಂಡಿತು. ಮಗ.

"ಅಮ್ಮ ಹೋದ್ರು ಮೇಡಂ." ಸ್ವಲ್ಪ ತಡೆದು, "ಆ ಪೇಪರು ಇನ್ನೂ ಆಗಿಲ್ಲ ಅಲ್ವಾ?" ಎಂದರು.

ಇಲ್ಲ ಎಂದೆ. ಇನ್ನೇನು ಹೇಳಲಿ? ಕಾನೂನಿನಲ್ಲಿ ಆ ಕಾಗದಕ್ಕೆ ಇನ್ನೂ ಜೀವ ಬಂದಿರಲಿಲ್ಲ. ದಾವೆ ಹೂಡಿದವರ ಜೀವ ಹೋಗಿತ್ತು.

"ಆಯ್ತು ಬಿಡಿ. ಎತ್ಕೊಂಡೇ ಬರ್ತೀನಿ," ಎಂದು ಫೋನ್ ಇಟ್ಟರು.

ಮಧ್ಯಸ್ಥಗಾರರು ಹೀಗೆ ಕಕ್ಷಿದಾರರ ಮನೆಗೆ ಹೋಗಬೇಕೋ ಬಾರದೋ ನನಗೆ ಗೊತ್ತಿಲ್ಲ. ನಾನು ಹೋದೆ. ಹಬ್ಬದ ಜನಜಂಗುಳಿಯಲ್ಲಿ ಸ್ಕೂಟರು ಮುಂದಕ್ಕೇ ಹೋಗದು. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ, ಕೋರ್ಟನ್ನು ಬೈದೆ, ರಜೆಯನ್ನು ಬೈದೆ. ಕಡೆಗೂ ಜಮಖಾನವೇ ಆಯಿತಲ್ಲ ಅಜ್ಜಿಗೆ ಅನ್ನಿಸಿ ಕಣ್ಣು ಮಂಜಾಯಿತು.

ಆ ಬೀದಿಗೆ ತಿರುಗಿದಾಗ ಸುತ್ತಿಗೆಯ ಸದ್ದು ಕೇಳಿಸಿತು. ಸಂದಿಯ ಬಾಯಲ್ಲಿ ಧೂಳೆದ್ದಿತ್ತು. ಫಿಟ್ಟರ್ ಮೇಲಿನ ಮೆಟ್ಟಿಲ ಮೇಲೆ ಬನಿಯನ್ನಿನಲ್ಲಿ ನಿಂತು ದೊಡ್ಡ ಸುತ್ತಿಗೆಯಿಂದ ಸ್ಲ್ಯಾಬನ್ನು ಹೊಡೆಯುತ್ತಿದ್ದರು. ಕೆಳಗಿನ ಮೆಟ್ಟಿಲ ಕಡೆಯಿಂದ ಅವರ ಅಳಿಯ ಹೊಡೆಯುತ್ತಿದ್ದ. ಸಿಮೆಂಟು ಚೂರು ಚೂರಾಗಿ ಉದುರುತ್ತಿತ್ತು. ಸಾವಿನ ಮನೆಗೆ ಬಂದ ನೆಂಟರು ಬೀದಿಯಲ್ಲಿ ಮೂಗಿಗೆ ಸೆರಗು ಹಿಡಿದು ನಿಂತಿದ್ದರು. ಮಗ ಗೋಡೆಗೆ ಒರಗಿ ನೋಡುತ್ತಿದ್ದರು.

"ನಾನು ಕೇಳೇ ಇಲ್ಲ ಮೇಡಂ," ಎಂದರು ನನ್ನನ್ನು ಕಂಡು. "ಅಮ್ಮನ್ನ ಕೂರಿಸ್ತಾ ಇದ್ವಿ, ಒಳಗೆ ಸದ್ದು ಕೇಳಿಸ್ತು."

ಫಿಟ್ಟರ್ ಒಂದು ಕ್ಷಣ ಸುತ್ತಿಗೆ ಇಳಿಸಿ ನನ್ನ ಕಡೆ ನೋಡಿದರು. ತಲೆ ಹುಬ್ಬೆಲ್ಲ ಬೆಳ್ಳಗಾಗಿತ್ತು.

"ಜಡ್ಜು ಬರೋಗಂಟ ಅವರನ್ನ ಕಾಯ್ಸೋಕಾಗುತ್ತಾ ಮೇಡಂ," ಎಂದು ಮತ್ತೆ ಹೊಡೆಯತೊಡಗಿದರು.

ಕಾಂಕ್ರೀಟು ಹೋಯಿತು, ಅದನ್ನು ಹೊತ್ತ ಕಂಬವೂ ಉರುಳಿತು, ಒಳಗಿನ ಕಬ್ಬಿಣದ ಸರಳುಗಳು ಮಾತ್ರ ಹೋಗಲಿಲ್ಲ. ಗರಗಸದಿಂದ ಕೊಯ್ದದ್ದು ಕೊಯ್ದರು, ಒಂದೆರಡು ಗೋಡೆಯಿಂದ ಚಾಚಿಕೊಂಡೇ ಉಳಿದವು. ಅಷ್ಟರಲ್ಲಿ ಮಠದಿಂದ ಬಂದ ಅಯ್ಯನವರು ಹೊತ್ತಾಯಿತು ಎಂದರು. ಮೇಲಿನ ಮೆಟ್ಟಿಲ ತುದಿಯಲ್ಲಿ ನಿಂತಿದ್ದ ಫಿಟ್ಟರ್‌ಗೆ ಇಳಿಯಲು ದಾರಿಯೇ ಇರಲಿಲ್ಲ, ಇದ್ದ ದಾರಿಯನ್ನು ಅವರೇ ಒಡೆದಿದ್ದರು. ಹಿಂದೆ ಮಗಳು ಬಾಗಿಲಲ್ಲಿ ನಿಂತಿದ್ದಳು.

ವಾಲಗ ಶುರುವಾಯಿತು. ಹೂವಿನ ವಿಮಾನ ಹೊಸ್ತಿಲು ದಾಟಿ ಸಂದಿಯೊಳಗೆ ಬಂತು. ಮುಂದಿನ ಬಿದಿರಿಗೆ ಮಗ ಹೆಗಲು ಕೊಟ್ಟಿದ್ದರು. ಒಡೆದ ಜಾಗಕ್ಕೆ ಬಂದಾಗ ಚಾಚಿದ ಸರಳಿಗೆ ಹೂವಿನ ಸರ ಸಿಕ್ಕಿ ವಿಮಾನ ವಾಲಿತು. ಹೊತ್ತವರು ನಿಂತರು. ಹಿಂದಕ್ಕೆ ಹೋಗುವಂತಿರಲಿಲ್ಲ, ಮುಂದಕ್ಕೆ ಬರುವಂತಿರಲಿಲ್ಲ. ಫಿಟ್ಟರ್ ಮಂಡಿಯೂರಿ ಕೆಳಕ್ಕೆ ಬಾಗಿ, ಹೆಗಲ ಮೇಲಿದ್ದ ಟವೆಲನ್ನು ಕೈಗೆ ಸುತ್ತಿಕೊಂಡು, ಸರಳನ್ನು ಹಿಡಿದು ಗೋಡೆಯ ಕಡೆಗೆ ಬಗ್ಗಿಸಿದರು. ಬಗ್ಗಿಸಿ ಬಿಡದೆ ಹಾಗೇ ಹಿಡಿದುಕೊಂಡರು.  ಅಜ್ಜಿಯ ಮುಖ ಸರಿಯಾಗಿ ಅವರ ಮುಖದ ಎತ್ತರಕ್ಕೇ ಇತ್ತು, ಅಂದು ಮೇಜಿನ ಆಚೆ ಈಚೆ ಕೂತಿದ್ದಾಗ ಇದ್ದಷ್ಟೇ ಹತ್ತಿರ. ಫಿಟ್ಟರ್ ಇನ್ನೊಂದು ಕೈಯಿಂದ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

"ಬನ್ನಿ, ಬನ್ನಿ, ಜಾಗ ಇದೆ," ಎಂದರು ಕೆಳಗಿದ್ದವರಿಗೆ.

ಅಜ್ಜಿ ಕೂತುಕೊಂಡೇ ಅವರ ಮುಂದೆ ಹಾದು ಬೀದಿಗೆ ಬಂದರು.